ಟೋಕಿಯೊ, ಸೋಲ್ ಎರಡನ್ನೂ ಒಂದೇ ಟ್ರಿಪ್‌ನಲ್ಲಿ ನೋಡಬಹುದಾ?

ಓದುಗರ ಪ್ರಶ್ನೆ: ನಾವು ಎರಡು ಕುಟುಂಬ ಸೇರಿ ಎಂಟು ಜನ. ಎಪ್ಪತ್ತರ ಹತ್ತಿರದ ಅಪ್ಪ-ಅಮ್ಮ ಇದ್ದಾರೆ, ಹೈಸ್ಕೂಲ್ ಓದುವ ಮಕ್ಕಳೂ ಇದ್ದಾರೆ. ದೊಡ್ಡವರಿಗೆ ಜಪಾನ್ ನೋಡುವ ಆಸೆ, ಮಕ್ಕಳಿಗೆ ಕೊರಿಯಾನೇ ಬೇಕು. ಮುಕ್ಕಾಲು ಪಾಲು ಸಸ್ಯಾಹಾರಿಗಳು. ಟೋಕಿಯೊ, ಸೋಲ್ ಎರಡೂ ಒಂದೇ ಪ್ರವಾಸದಲ್ಲಿ ಆಗುತ್ತಾ? ಪ್ಲಾನ್ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆಗುತ್ತೆ. ಹತ್ತು ದಿನ ಕೈಯಲ್ಲಿದ್ದರೆ ಆರಾಮಾಗಿಯೇ ಆಗುತ್ತೆ. ಆದರೆ ಎಲ್ಲರೂ ನೋಡುವ ಜಾಗಗಳ ಪಟ್ಟಿಯಿಂದ ಶುರು ಮಾಡುತ್ತಾರೆ. ನೀವು ವಿಮಾನದ ಟಿಕೆಟ್‌ನಿಂದ ಶುರು ಮಾಡಿ. ಎರಡು ದೇಶದ ಪ್ರವಾಸ ಕೆಡುವುದು ಬಹುಪಾಲು ಅಲ್ಲೇ.

ಸಾಮಾನ್ಯವಾಗಿ ಜನ ಮಾಡುವುದು ಹೀಗೆ: ಬೆಂಗಳೂರು–ಟೋಕಿಯೊ ಹೋಗಿ ಬರುವ ಟಿಕೆಟ್ ತಗೊಳ್ತಾರೆ. ಮಧ್ಯದಲ್ಲಿ ಟೋಕಿಯೊದಿಂದ ಸೋಲ್‌ಗೆ ಹೋಗಿ ವಾಪಸ್ ಬರಲು ಇನ್ನೊಂದು. ನೋಡೋಕೆ ಅಗ್ಗ ಅನ್ನಿಸುತ್ತೆ. ಆದರೆ ಭಾರತೀಯರಿಗೆ ಸಿಗುವ ಜಪಾನ್ ಟೂರಿಸ್ಟ್ ವೀಸಾ ಸಾಮಾನ್ಯವಾಗಿ ಒಂದೇ ಸಲದ ಪ್ರವೇಶಕ್ಕೆ. ಟೋಕಿಯೊ ಬಿಟ್ಟು ಸೋಲ್‌ಗೆ ಹಾರಿದ ಕೂಡಲೇ ಅದು ಮುಗಿಯಿತು. ಮತ್ತೆ ಒಳಗೆ ಬರಲು ಆಗುವುದಿಲ್ಲ. ಎಂಟು ಜನ ಸೂಟ್‌ಕೇಸ್ ಹಿಡಿದು ಏರ್‌ಪೋರ್ಟ್ ಕೌಂಟರ್ ಮುಂದೆ ನಿಂತಾಗ ಇದು ಗೊತ್ತಾದರೆ ಏನು ಮಾಡ್ತೀರಿ?

ಹಾಗಾಗಿ ಒಂದು ಊರಲ್ಲಿ ಇಳಿಯಿರಿ, ಇನ್ನೊಂದು ಊರಿಂದ ಮನೆಗೆ ಹತ್ತಿ. ಬುಕಿಂಗ್ ಸೈಟ್‌ಗಳಲ್ಲಿ 'ಮಲ್ಟಿ ಸಿಟಿ' ಆಯ್ಕೆ ಮಾಡಿದರೆ ಇಂಥ ಟಿಕೆಟ್ ಸಿಗುತ್ತದೆ. ಬೆಂಗಳೂರಿನಿಂದ ಟೋಕಿಯೊದ ನರಿಟಾಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ಸೋಲ್‌ಗೆ ನಮ್ಮಲ್ಲಿಂದ ಹಾಂಗ್‌ಕಾಂಗ್, ಸಿಂಗಪುರ, ಬ್ಯಾಂಕಾಕ್ ಹೀಗೆ ಎಲ್ಲಾದರೂ ಒಂದು ಕಡೆ ಬದಲಾಯಿಸಿಕೊಂಡು ಹೋಗಬೇಕು. ಹಿರಿಯರು ಜೊತೆಗಿರುವಾಗ ನೇರ ವಿಮಾನವನ್ನು ಹೋಗುವಾಗ ಇಟ್ಟುಕೊಳ್ಳುವುದು ನನಗೆ ಇಷ್ಟ. ದಣಿಯದೆ ಇಳಿದರೆ ಮೊದಲ ಎರಡು ದಿನ ಹಾಳಾಗುವುದಿಲ್ಲ. ಟೋಕಿಯೊ, ಸೋಲ್ ಎರಡರ ಗಡಿಯಾರವೂ ಒಂದೇ, ನಮಗಿಂತ ಮೂರೂವರೆ ಗಂಟೆ ಮುಂದೆ.

ಯಾವ ಊರು ಮೊದಲು ಅನ್ನುವುದನ್ನು ಕಾಲವೂ ಹೇಳುತ್ತದೆ. ಸೋಲ್ ಟೋಕಿಯೊಗಿಂತ ಉತ್ತರಕ್ಕಿದೆ, ಚಳಿ ಜಾಸ್ತಿ. ಚೆರ್ರಿ ಹೂವು ಟೋಕಿಯೊದಲ್ಲಿ ಮಾರ್ಚ್ ಕೊನೆಗೆ ಅರಳಿದರೆ ಸೋಲ್‌ನಲ್ಲಿ ಸುಮಾರು ಒಂದು ವಾರ ತಡ. ಹೂವಿಗಾಗಿ ಹೋಗುವವರು ಟೋಕಿಯೊ ಮೊದಲು ಮುಗಿಸಿ ಸೋಲ್‌ಗೆ ಹೋದರೆ ಎರಡೂ ಕಡೆ ಸಿಗುವ ಸಾಧ್ಯತೆ ಹೆಚ್ಚು. ಎಲೆ ಕೆಂಪಾಗುವ ಕಾಲಕ್ಕೆ ಇದು ಉಲ್ಟಾ. ಸೋಲ್‌ನಲ್ಲಿ ಅಕ್ಟೋಬರ್ ಕೊನೆ, ನವೆಂಬರ್ ಮೊದಲಿಗೆ ಬಣ್ಣ ಬಂದಿರುತ್ತದೆ. ಟೋಕಿಯೊದಲ್ಲಿ ನವೆಂಬರ್ ಕೊನೆಯವರೆಗೆ ಕಾಯಬೇಕು.

ಆದರೆ ನಿಮಗೆ ಮಕ್ಕಳ ರಜೆ ಮುಖ್ಯ ಅಲ್ವಾ? ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶುರುವಾಗುತ್ತದೆ. ಜಪಾನಿನಲ್ಲಿ ಏಪ್ರಿಲ್ 29ರಿಂದ ಮೇ 5ರವರೆಗೆ ಗೋಲ್ಡನ್ ವೀಕ್ ಅನ್ನುವ ರಜೆಗಳ ವಾರ, ಇಡೀ ದೇಶವೇ ಪ್ರವಾಸ ಹೊರಡುತ್ತದೆ. ಹೋಟೆಲ್ ದರ ಏರುತ್ತದೆ, ರೈಲು ತುಂಬಿರುತ್ತದೆ. ಹಾಗಾಗಿ ಏಪ್ರಿಲ್ 12ರಿಂದ 27ರ ನಡುವಿನ ಎರಡು ವಾರ ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಟೋಕಿಯೊದಲ್ಲಿ ಚೆರ್ರಿ ಮುಗಿದಿರುತ್ತದೆ, ನಿಜ. ಬೇಜಾರು ಮಾಡಿಕೊಳ್ಳಬೇಡಿ. ಆ ಹೊತ್ತಿಗೆ ನೆಜು ದೇಗುಲದ ಗುಡ್ಡದಲ್ಲಿ ಅಜೇಲಿಯಾ ಹೂವು ತುಂಬಿರುತ್ತದೆ. ತಿಂಗಳ ಕೊನೆಗೆ ಕಮೇಯ್ದೊ ತೆಂಜಿನ್ ದೇಗುಲದ ಕೊಳದ ಮೇಲೆ ವಿಸ್ಟೀರಿಯಾ ಗೊಂಚಲು ಇಳಿಬಿದ್ದಿರುತ್ತದೆ.

ದಸರಾ ರಜೆಯಲ್ಲಿ ಹೋಗುವವರು ಕೊರಿಯಾದ ಚುಸೋಕ್ ಹಬ್ಬದ ದಿನಾಂಕ ನೋಡಿಕೊಳ್ಳಬೇಕು. ಅದು ಚಾಂದ್ರಮಾನದ ಲೆಕ್ಕ, ವರ್ಷ ವರ್ಷ ಬದಲಾಗುತ್ತದೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂದರೆ ಚುಸೋಕ್ ಅಕ್ಟೋಬರ್ 6ಕ್ಕೆ ಬಂತು. ಆ ದಿನಗಳಲ್ಲಿ ಜನ ಊರಿಗೆ ಹೋಗಿರುತ್ತಾರೆ, ಎಷ್ಟೋ ಸಣ್ಣ ಹೋಟೆಲ್, ಅಂಗಡಿ ಮುಚ್ಚಿರುತ್ತವೆ. ಜೂನ್ ಮಧ್ಯದಿಂದ ಜುಲೈವರೆಗೆ ಎರಡೂ ಕಡೆ ಮಳೆ. ಬೇಡ.

ಈಗ ಉಳಿಯುವ ಜಾಗ. ಐದು ರಾತ್ರಿ ಟೋಕಿಯೊ, ನಾಲ್ಕು ರಾತ್ರಿ ಸೋಲ್ ಇಟ್ಟುಕೊಳ್ಳಿ. ಪ್ರತಿ ಊರಲ್ಲೂ ಒಂದೇ ಹೋಟೆಲ್. ಟೋಕಿಯೊದಲ್ಲಿ ಎಲ್ಲರೂ ಶಿಂಜುಕು ಅನ್ನುತ್ತಾರೆ. ಆ ಸ್ಟೇಷನ್‌ಗೆ 200ಕ್ಕೂ ಹೆಚ್ಚು ದ್ವಾರಗಳಿವೆ. ಪ್ರತಿ ಸಂಜೆ ಹಿರಿಯರನ್ನು ಕರಕೊಂಡು ಅದರೊಳಗೆ ಸರಿಯಾದ ಲಿಫ್ಟ್ ಹುಡುಕುವುದು ಸುಲಭ ಅಲ್ಲ. ನಾನಾದರೆ ಪೂರ್ವದ ಕಡೆ ಉಯೆನೊ ಅಥವಾ ಅಸಾಕುಸಾ ಹಿಡಿಯುತ್ತೇನೆ. ನರಿಟಾದಿಂದ ಉಯೆನೊಗೆ ಸ್ಕೈಲೈನರ್ ರೈಲು ನೇರ ಬರುತ್ತದೆ, ಮುಕ್ಕಾಲು ಗಂಟೆಯೊಳಗೆ. ಅಸಾಕುಸಾ ಮೆಟ್ರೊ ಲೈನ್ ಮೇಲೆ ನರಿಟಾ, ಹನೇಡಾ ಎರಡೂ ಏರ್‌ಪೋರ್ಟಿಗೆ ಬದಲಾಯಿಸದೆ ಹೋಗುವ ರೈಲುಗಳು ಓಡುತ್ತವೆ. ಅಂದರೆ ನರಿಟಾದಲ್ಲಿ ಇಳಿದು, ಐದು ದಿನ ಕಳೆದು, ಹನೇಡಾದಿಂದ ಸೋಲ್‌ಗೆ ಹಾರುವವರಿಗೆ ಇದಕ್ಕಿಂತ ಸರಿಯಾದ ಜಾಗ ಇಲ್ಲ.

ಸೋಲ್‌ಗೆ ಹೋಗುವಾಗ ಹನೇಡಾ–ಗಿಂಪೊ ವಿಮಾನವನ್ನೇ ಹುಡುಕಿ. ಹನೇಡಾ ಟೋಕಿಯೊಗೆ, ಗಿಂಪೊ ಸೋಲ್‌ಗೆ ಹತ್ತಿರದ ಏರ್‌ಪೋರ್ಟ್‌ಗಳು. ಹಾರಾಟ ಸುಮಾರು ಎರಡೂಕಾಲು ಗಂಟೆ. ನರಿಟಾ–ಇಂಚೊನ್ ಟಿಕೆಟ್ ಸ್ವಲ್ಪ ಕಡಿಮೆಗೆ ಸಿಗಬಹುದು, ಆದರೆ ಎರಡೂ ಊರಾಚೆ ಇವೆ. ನರಿಟಾ ಟೋಕಿಯೊದಿಂದ ಸುಮಾರು 60 ಕಿಲೋಮೀಟರ್ ದೂರ. ಉಳಿಸಿದ ದುಡ್ಡಿಗೆ ಅರ್ಧ ದಿನ ಕೊಟ್ಟ ಹಾಗಾಯಿತು. ಗಿಂಪೊದಲ್ಲಿ ಇಳಿದು ಮೆಟ್ರೊ 5ನೇ ಲೈನ್ ಹತ್ತಿದರೆ ಗ್ವಾಂಗ್‌ಹ್ವಾಮುನ್, ಜೊಂಗ್ನೊ 3-ಗಾ ಸ್ಟೇಷನ್‌ಗಳಿಗೆ ನೇರ. ಹೋಟೆಲ್ ಆ ಜೊಂಗ್ನೊ ಸುತ್ತಮುತ್ತ ಇರಲಿ. ಗ್ಯೊಂಗ್‌ಬೊಕ್‌ಗುಂಗ್ ಅರಮನೆ, ಇನ್ಸಾದೊಂಗ್ ಬೀದಿ, ಜೊಗ್ಯೆಸಾ ಬೌದ್ಧ ದೇಗುಲ ಎಲ್ಲವೂ ಹತ್ತಿರವೇ ಇವೆ.

ಟೋಕಿಯೊ ಹೋಟೆಲ್ ರೂಮು ಚಿಕ್ಕದು. ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ಬಿಚ್ಚಿಡಲು ಎಷ್ಟೋ ಕಡೆ ನೆಲ ಸಾಲುವುದಿಲ್ಲ. ಬುಕ್ ಮಾಡುವಾಗ ಎಷ್ಟು ಜನ ಅಂತ ಸರಿಯಾಗಿ ಹಾಕಿ, ಅಲ್ಲಿ ತಲೆ ಲೆಕ್ಕದಲ್ಲಿ ದರ ಹಾಕುವುದು ಸಾಮಾನ್ಯ. ನಾಲ್ಕು ಜನ ಒಂದೇ ಕೋಣೆಯಲ್ಲಿ ಮಲಗುವಂಥ, ಅಡುಗೆ ಮೂಲೆ ಇರುವ ಅಪಾರ್ಟ್‌ಮೆಂಟ್ ಹೋಟೆಲ್‌ಗಳು ಉಯೆನೊ ಕಡೆ ಇವೆ. ನಿಮ್ಮಂಥವರಿಗೆ ಅವೇ ಸರಿ.

ಇನ್ನು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಮಾತು. ಎಂಟೂ ಜನ ಇಡೀ ದಿನ ಜೊತೆಗಿರಬೇಕು ಅನ್ನುವ ಹಟ ಬಿಡಿ. ಈ ಎರಡು ಊರುಗಳು ದೊಡ್ಡ ಗುಂಪಿಗೆ ಮಾಡಿದವಲ್ಲ. ಟೋಕಿಯೊದ ಒಳ್ಳೆಯ ನೂಡಲ್ಸ್ ಅಂಗಡಿಯಲ್ಲಿ ಎಂಟು ಹತ್ತು ಸೀಟು ಇದ್ದರೆ ಹೆಚ್ಚು. ಟ್ಯಾಕ್ಸಿಯಲ್ಲಿ ನಾಲ್ಕೇ ಜನ. ಸೋಲ್‌ನ ಬುಕ್‌ಚೊನ್ ಹಳೇ ಮನೆಗಳ ಬೀದಿಯಲ್ಲಿ ಜನ ಇನ್ನೂ ವಾಸವಿದ್ದಾರೆ. ಪ್ರವಾಸಿಗರ ಗದ್ದಲ ತಾಳಲಾರದೆ ಅಲ್ಲಿನ ಮುಖ್ಯ ಭಾಗಕ್ಕೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಪ್ರವಾಸಿಗರು ಬರಬಹುದು ಅಂತ ನಿಯಮ ಮಾಡಿದ್ದಾರೆ. 2025ರ ಮಾರ್ಚ್‌ನಿಂದ ಮೀರಿದರೆ ದಂಡವೂ ಇದೆ. ಎಂಟು ಜನ ಜೋರಾಗಿ ಮಾತಾಡಿಕೊಂಡು ಹೋಗುವ ಜಾಗ ಅದಲ್ಲ.

ಬೆಳಿಗ್ಗೆ ಒಂದು ಜಾಗ ಎಲ್ಲರೂ ಸೇರಿ ನೋಡಿ. ಮಧ್ಯಾಹ್ನ ಬೇರೆ ಬೇರೆ ಹೋಗಿ. ರಾತ್ರಿ ಊಟಕ್ಕೆ ಮತ್ತೆ ಸೇರಿ. ಉದಾಹರಣೆಗೆ ಟೋಕಿಯೊದಲ್ಲಿ ಬೆಳಿಗ್ಗೆ ಎಂಟಕ್ಕೇ ಸೆನ್ಸೋಜಿ ದೇಗುಲಕ್ಕೆ ಹೋಗಿ, ಜನ ಕಡಿಮೆ ಇರುತ್ತಾರೆ. ಆಮೇಲೆ ಹಿರಿಯರು ಉಯೆನೊ ಪಾರ್ಕಿನಲ್ಲಿ ಕೂರಲಿ, ಅಲ್ಲೇ ಇರುವ ನ್ಯಾಷನಲ್ ಮ್ಯೂಸಿಯಂ ನೋಡಲಿ. ಮಕ್ಕಳು ಆನಿಮೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಅಕಿಹಬಾರಕ್ಕೆ ಹೋಗಲಿ, ಉಯೆನೊದಿಂದ ಯಮನೋತೆ ರೈಲಿನಲ್ಲಿ ಎರಡನೇ ಸ್ಟೇಷನ್. ಸೋಲ್‌ನಲ್ಲಿ ಬೆಳಿಗ್ಗೆ ಎಲ್ಲರೂ ಗ್ಯೊಂಗ್‌ಬೊಕ್‌ಗುಂಗ್‌ಗೆ. 1395ರಲ್ಲಿ ಕಟ್ಟಿದ ಅರಮನೆ ಅದು. ಹನ್‌ಬೊಕ್ ಅನ್ನುವ ಕೊರಿಯಾದ ಸಾಂಪ್ರದಾಯಿಕ ಉಡುಗೆ ಬಾಡಿಗೆಗೆ ತಗೊಂಡು ಹಾಕಿಕೊಂಡರೆ ಒಳಗೆ ಟಿಕೆಟ್ ಇಲ್ಲ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರಿಗೂ ಖುಷಿ ಕೊಡುವ ಕೆಲಸ. ಮಧ್ಯಾಹ್ನ ಮಕ್ಕಳು ಯುವಜನರ ಬಡಾವಣೆ ಹೊಂಗ್‌ದೆಗೆ, ಹಿರಿಯರು ಇನ್ಸಾದೊಂಗ್‌ನ ಟೀ ಅಂಗಡಿಗೆ.

ಸೇರುವ ಜಾಗವನ್ನು ಮಾತ್ರ ಖಚಿತವಾಗಿ ಹೇಳಿಕೊಳ್ಳಿ. 'ಸ್ಟೇಷನ್ ಹತ್ರ' ಅಂದರೆ ಆಗುವುದಿಲ್ಲ. ಸೋಲ್‌ನಲ್ಲಿ ದ್ವಾರಗಳಿಗೆ ನಂಬರ್ ಇರುವುದು ಒಳ್ಳೆಯದಾಯಿತು. 'ಅಂಗುಕ್ ಸ್ಟೇಷನ್, 6ನೇ ಎಕ್ಸಿಟ್, ಆರು ಗಂಟೆ' ಅಂದರೆ ಸಾಕು. ಅಲ್ಲಿನವರು ಬಳಸುವುದು ನೇವರ್ ಮ್ಯಾಪ್ ಅಥವಾ ಕಾಕಾವೊ ಮ್ಯಾಪ್. ಹೊರಡುವ ಮೊದಲೇ ಎಲ್ಲರ ಫೋನಿಗೂ ಹಾಕಿಸಿ. ಯಾವ ಜಾಗಕ್ಕೆ ಯಾವ ದಿನ ರಜೆ ಅಂತಲೂ ನೋಡಿಕೊಳ್ಳಿ: ಗ್ಯೊಂಗ್‌ಬೊಕ್‌ಗುಂಗ್ ಮಂಗಳವಾರ ಮುಚ್ಚಿರುತ್ತದೆ, ಇನ್ನೊಂದು ಅರಮನೆ ಚಾಂಗ್‌ದೊಕ್‌ಗುಂಗ್ ಸೋಮವಾರ. ಟೋಕಿಯೊದ ಬಹಳಷ್ಟು ಮ್ಯೂಸಿಯಂಗಳಿಗೂ ಸೋಮವಾರ ರಜೆ. ಮಕ್ಕಳು ಆನಿಮೆ ಸಿನಿಮಾ ಸ್ಟುಡಿಯೊದ ಘಿಬ್ಲಿ ಮ್ಯೂಸಿಯಂ ಕೇಳಿದರೆ ಅದರ ಮುಂದಿನ ತಿಂಗಳ ಟಿಕೆಟ್ ಪ್ರತಿ ತಿಂಗಳ 10ರಂದು ಜಪಾನ್ ಸಮಯ ಬೆಳಿಗ್ಗೆ 10ಕ್ಕೆ, ನಮ್ಮಲ್ಲಿ ಆರೂವರೆಗೆ, ಮಾರಾಟಕ್ಕೆ ಬರುತ್ತದೆ. ಅಲ್ಲಿ ಹೋಗಿ ಬಾಗಿಲಲ್ಲಿ ಕೊಳ್ಳಲು ಸಿಗುವುದಿಲ್ಲ.

ಊಟದ ವಿಷಯಕ್ಕೆ ಬರೋಣ. 'ಮಾಂಸ ಬೇಡ' ಅಂದರೆ ಜಪಾನಿನಲ್ಲಿ ಸಾಲದು. ಅಲ್ಲಿನ ಸಾರು, ನೂಡಲ್ಸ್, ಮಿಸೊ ಸೂಪ್ ಎಲ್ಲದರ ತಳದಲ್ಲಿ ದಶಿ ಇರುತ್ತದೆ. ಬೊನಿಟೊ ಮೀನನ್ನು ಬೇಯಿಸಿ, ಹೊಗೆ ಹಾಕಿ ಒಣಗಿಸಿ, ಬಡಗಿ ಹತ್ತರಿ ಹಿಡಿದು ಹೆರೆದ ಮರದ ಹೊಟ್ಟಿನ ಹಾಗೆ ತೆಳ್ಳಗೆ ಹೆರೆದಿರುತ್ತಾರೆ. ಅದನ್ನು ಬಿಸಿನೀರಲ್ಲಿ ಹಾಕಿ ಸೋಸಿದ ರಸವೇ ದಶಿ. ತಟ್ಟೆಯಲ್ಲಿ ಮೀನು ಕಾಣುವುದಿಲ್ಲ, ಬಡಿಸುವವರೂ ಅದನ್ನು ಮೀನು ಅಂತ ಎಣಿಸುವುದಿಲ್ಲ. ಕೊರಿಯಾದಲ್ಲೂ ಇದೇ ಕಥೆ. ಕಿಮ್ಚಿ ಅನ್ನುವ ಎಲೆಕೋಸಿನ ಉಪ್ಪಿನಕಾಯಿಗೆ ಉಪ್ಪು ಹಾಕಿ ಹುದುಗಿಸಿದ ಸೀಗಡಿ ಅಥವಾ ಮೀನಿನ ರಸ ಸೇರಿಸುತ್ತಾರೆ. ಕುದಿಯುವ ಸಾರಿಗೆ ಒಣ ಆಂಚೊವಿ ಮೀನು ಬಿದ್ದಿರುತ್ತದೆ. ಹಾಗಾಗಿ ಜಪಾನಿ, ಕೊರಿಯನ್ ಎರಡು ಭಾಷೆಯಲ್ಲೂ 'ಮಾಂಸ, ಮೀನು, ಮೀನಿನ ಸಾರು, ಸೀಗಡಿ ಬೇಡ' ಅಂತ ಬರೆದ ಚೀಟಿ ಪ್ರತಿಯೊಬ್ಬರ ಜೇಬಲ್ಲೂ ಇರಲಿ.

ಒಳ್ಳೆಯ ಸುದ್ದಿಯೂ ಇದೆ. ಉಯೆನೊ ಪಕ್ಕದ ಒಕಾಚಿಮಾಚಿ ಒಡವೆ, ಹರಳಿನ ವ್ಯಾಪಾರದ ಜಾಗ. ಅಲ್ಲಿ ಭಾರತದ ವ್ಯಾಪಾರಿಗಳು, ಅದರಲ್ಲೂ ಜೈನರು ಇದ್ದಾರೆ. ಅದರಿಂದಾಗಿ ಶುದ್ಧ ಸಸ್ಯಾಹಾರಿ ಭಾರತೀಯ ಊಟ ಸಿಗುತ್ತದೆ, ದಕ್ಷಿಣದ ದೋಸೆಯೂ ಸಿಗುತ್ತದೆ. ಟೋಕಿಯೊ ಸ್ಟೇಷನ್ ಒಳಗೇ ಇರುವ ಟೀಸ್ ತಾನ್‌ತಾನ್ ಅಂಗಡಿಯಲ್ಲಿ ಪೂರ್ತಿ ಸಸ್ಯಾಹಾರಿ ರಾಮೆನ್ (ಸಾರಿನ ನೂಡಲ್ಸ್). ಮಕ್ಕಳಿಗೆ ರಾಮೆನ್ ತಿಂದ ಖುಷಿ, ಅಜ್ಜನಿಗೆ ನೆಮ್ಮದಿ. ಸೋಲ್‌ನಲ್ಲಿ ಜೊಗ್ಯೆಸಾ ದೇಗುಲದ ಎದುರಿಗೆ ಬೌದ್ಧ ಸಂಘದವರೇ ನಡೆಸುವ ಬಲ್ವೂ ಗೊಂಗ್ಯಾಂಗ್ ಇದೆ. ದೇಗುಲದ ಅಡುಗೆಯಲ್ಲಿ ಮಾಂಸ, ಮೀನು ಇರಲಿ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ದುಬಾರಿ, ಮೊದಲೇ ಬುಕ್ ಮಾಡಬೇಕು. ಆದರೂ ನಿಮ್ಮ ಮನೆಯ ಹಿರಿಯರಿಗೆ ಕೊರಿಯಾದ ರುಚಿ ನಿಜವಾಗಿ ಸಿಗುವ ಊಟ ಅದೇ. ಒಂದು ಮಧ್ಯಾಹ್ನಕ್ಕೆ ಖರ್ಚು ಮಾಡಿ.

ಮನೆಯಿಂದ ಚಟ್ನಿಪುಡಿ, ಅವಲಕ್ಕಿ ತಗೊಂಡು ಹೋಗಿ. ಹಸಿ ಕರಿಬೇವು, ಹಣ್ಣು, ತರಕಾರಿ ಬೇಡ, ಕಸ್ಟಮ್ಸ್‌ನಲ್ಲಿ ತೆಗೆದಿಡುತ್ತಾರೆ.

ರೈಲು-ಮೆಟ್ರೊ ಗೇಟಿನಲ್ಲಿ ತಟ್ಟುವ ಕಾರ್ಡ್ ಬೇಕು: ಟೋಕಿಯೊದಲ್ಲಿ ಸುಯಿಕಾ ಅಥವಾ ಪಾಸ್ಮೊ, ಸೋಲ್‌ನಲ್ಲಿ ಟಿ-ಮನಿ ಕಾರ್ಡ್. ಒಬ್ಬರಿಗೆ ಒಂದು ಕಾರ್ಡ್ ಬೇಕೇ ಬೇಕು, ಒಂದನ್ನೇ ತಟ್ಟಿ ಇಬ್ಬರು ಒಳಗೆ ಹೋಗಲು ಆಗದು. ಟಿ-ಮನಿಗೆ ದುಡ್ಡು ತುಂಬಲು ಸ್ವಲ್ಪ ನಗದು ಇಟ್ಟುಕೊಂಡಿರಿ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಟೋಕಿಯೊ ರೈಲಿಗೆ ಸೂಟ್‌ಕೇಸ್ ಹಿಡಿದು ಹತ್ತಬೇಡಿ. ದೊಡ್ಡ ಸೂಟ್‌ಕೇಸ್‌ಗಳನ್ನು ಏರ್‌ಪೋರ್ಟ್‌ನಿಂದ ಹೋಟೆಲ್‌ಗೆ ಕೊರಿಯರ್‌ನಲ್ಲಿ ಕಳಿಸುವ ವ್ಯವಸ್ಥೆ ಜಪಾನಿನಲ್ಲಿ ಬಹಳ ಚೆನ್ನಾಗಿದೆ, ಸಾಮಾನ್ಯವಾಗಿ ಮರುದಿನ ತಲುಪುತ್ತದೆ.

ವೀಸಾ ಎರಡೂ ಬೇಕು, ಎರಡಕ್ಕೂ ಬೇರೆ ಬೇರೆ ಅರ್ಜಿ. ಎರಡನ್ನೂ ಕೊನೇ ತಿಂಗಳಿಗೆ ಇಟ್ಟುಕೊಳ್ಳಬೇಡಿ, ಒಂದಾದ ಮೇಲೆ ಒಂದು ಮಾಡಿಸುವಷ್ಟು ಸಮಯ ಇರಲಿ. ಜಪಾನ್ ವೀಸಾಗೆ ದಿನವಾರು ಕಾರ್ಯಕ್ರಮ ಬರೆದು ಕೊಡಬೇಕು. ಎಂಟು ಅರ್ಜಿಯಲ್ಲೂ ಹೋಟೆಲ್, ತಾರೀಖು ಒಂದೇ ಥರ ಇರಬೇಕು, ಒಬ್ಬರೇ ಕೂತು ಎಲ್ಲರದ್ದೂ ತುಂಬಿಸಿದರೆ ಒಳ್ಳೆಯದು. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಜಪಾನ್ ಇ-ವೀಸಾ ಕೊಡುತ್ತಿದೆ. ಇದನ್ನು ಏರ್‌ಪೋರ್ಟ್‌ನಲ್ಲಿ ಫೋನಿನಲ್ಲಿ ಇಂಟರ್‌ನೆಟ್ ಮೂಲಕವೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್, ಪ್ರಿಂಟ್ ನಡೆಯುವುದಿಲ್ಲ. ಅಪ್ಪ-ಅಮ್ಮನ ಫೋನಿನಲ್ಲಿ ಅದು ತೆರೆಯುತ್ತಾ ಅಂತ ಹೊರಡುವ ಹಿಂದಿನ ದಿನ ಮನೆಯಲ್ಲೇ ನೋಡಿಬಿಡಿ.

ಅವರ ಮಾತ್ರೆಗಳ ವಿಷಯ ಮರೆಯಬೇಡಿ. ಕೋಡೀನ್ ಇರುವ ಕೆಮ್ಮಿನ ಸಿರಪ್, ಸೂಡೊಎಫೆಡ್ರಿನ್ ಹೆಚ್ಚಿರುವ ನೆಗಡಿ ಮಾತ್ರೆಗಳಿಗೆ ಜಪಾನಿನಲ್ಲಿ ಕಟ್ಟುನಿಟ್ಟಿನ ನಿರ್ಬಂಧ ಇದೆ. ನಮ್ಮಲ್ಲಿ ಸುಮ್ನೆ ಮೆಡಿಕಲ್ ಶಾಪ್‌ನಲ್ಲಿ ತಗೊಂಡಿದ್ದು ಅಲ್ಲಿ ತೊಂದರೆ ಕೊಡಬಹುದು. ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿಗಾಗುವಷ್ಟರೊಳಗೆ ಇದ್ದರೆ ವಿಶೇಷ ಅನುಮತಿ ಬೇಕಿಲ್ಲ. ಮೂಲ ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗಿರಲಿ, ಚೆಕ್-ಇನ್ ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಹತ್ತು ದಿನ ಸಿಗದೆ ಐದೇ ದಿನ ಸಿಕ್ಕರೆ ಈ ಜೋಡಿ ಬೇಡ. ಆಗ ಹಾಂಗ್‌ಕಾಂಗ್–ಮಕಾವು ನೋಡಿ. ನಡುವೆ ದೋಣಿಯಲ್ಲಿ ಒಂದು ಗಂಟೆ, ಇಲ್ಲವೇ 2018ರಲ್ಲಿ ತೆರೆದ 55 ಕಿಲೋಮೀಟರಿನ ಸಮುದ್ರ ಸೇತುವೆಯ ಮೇಲೆ ಬಸ್. ಟೋಕಿಯೊ, ಸೋಲ್ ಮುಂದಿನ ವರ್ಷದ ಏಪ್ರಿಲ್‌ಗೆ ಇಟ್ಟುಕೊಳ್ಳಿ.