ಉಪದೇಶ ಸಾಕು, ಸೆಟ್ಟಿಂಗ್ ಬದಲಿಸಿ

‘ದಯವಿಟ್ಟು ಲೈಟ್ ಆರಿಸಿ’ ಎಂದು ಗೋಡೆಗೆ ಅಂಟಿಸಿದ ಚೀಟಿಯಿಂದ ಕರೆಂಟು ಉಳಿದದ್ದನ್ನು ನಾನಂತೂ ಕಂಡಿಲ್ಲ. ಮನೆ, ಅಪಾರ್ಟ್‌ಮೆಂಟುಗಳಲ್ಲಿ ಕರೆಂಟು, ನೀರು ಎಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ಲೆಕ್ಕ ತೆಗೆಯುವುದು ನನ್ನ ಕೆಲಸ. ಉಳಿಸಬೇಕು ಎನ್ನುವುದು ಯಾರಿಗೆ ಗೊತ್ತಿಲ್ಲ ಹೇಳಿ? ವರ್ತನಾ ವಿಜ್ಞಾನ ಶುರುವಾಗುವುದೇ ಅಲ್ಲಿಂದ ಮುಂದೆ. ದಿನಾ ಮಾಡಬೇಕಾದದ್ದನ್ನು ಮನುಷ್ಯ ಮರೆಯುತ್ತಾನೆ, ನಾಳೆಗೆ ಹಾಕುತ್ತಾನೆ. ಒಮ್ಮೆ ಮಾಡಿಟ್ಟ ಏರ್ಪಾಡನ್ನು ಮಾತ್ರ ಮುಟ್ಟಲು ಹೋಗುವುದಿಲ್ಲ. ಈ ಸೋಮಾರಿತನವನ್ನೇ ಉಳಿತಾಯದ ಕಡೆಗೆ ತಿರುಗಿಸಿಕೊಳ್ಳಬಹುದು.

ಎಸಿಯನ್ನೇ ನೋಡಿ. ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳನ್ನು ಆನ್ ಮಾಡಿದಾಗ 24 ಡಿಗ್ರಿಗೇ ಬಂದು ನಿಲ್ಲಬೇಕು ಎಂಬ ನಿಯಮ 2020ರ ಜನವರಿಯಿಂದ ಜಾರಿಯಲ್ಲಿದೆ. 18ಕ್ಕೆ ಇಳಿಸಬೇಡಿ ಎಂದು ಯಾರೂ ತಡೆದಿಲ್ಲ. ಬಟನ್ ಒತ್ತಬೇಕು, ಅಷ್ಟೆ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ 6ರಷ್ಟು ಕರೆಂಟು ಉಳಿಯುತ್ತದೆ ಎನ್ನುವುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಅಂದಹಾಗೆ, 18ಕ್ಕೆ ಇಟ್ಟರೆ ರೂಮು ಬೇಗ ತಣ್ಣಗಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. 18ಕ್ಕೆ ಇಟ್ಟರೂ 24ಕ್ಕೆ ಇಟ್ಟರೂ ರೂಮು 32ರಿಂದ 24ಕ್ಕೆ ಇಳಿಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. 18ಕ್ಕೆ ಇಟ್ಟದ್ದು ಆಮೇಲೂ ಓಡುತ್ತಲೇ ಇರುತ್ತದೆ, ನೀವು ರಗ್ಗು ಹುಡುಕುತ್ತೀರಿ.

ಗೀಸರ್‌ನ ಕಥೆಯೂ ಇಷ್ಟೆ. 2 ಕಿಲೋವ್ಯಾಟಿನ ಗೀಸರ್‌ನಲ್ಲಿ 15 ಲೀಟರ್ ನೀರು ಕಾಯಲು ಇಪ್ಪತ್ತು ನಿಮಿಷ ಸಾಕು. ಬೆಳಗ್ಗೆ ಐದೂವರೆಗೆ ಅಜ್ಜ ಹಾಕಿದ ಸ್ವಿಚ್ಚು ಮೊಮ್ಮಗ ಎದ್ದು ಸ್ನಾನಕ್ಕೆ ಹೋಗುವ ಹನ್ನೊಂದರವರೆಗೂ ಹಾಗೇ ಇರುತ್ತದೆ. ನೀರು ಆರುವುದು, ಮತ್ತೆ ಕಾಯುವುದು ನಡೆದೇ ಇರುತ್ತದೆ. ‘ಆಫ್ ಮಾಡ್ರೋ’ ಎಂದು ಮನೆಯವರು ಕೂಗಿ ಸುಸ್ತಾಗುವ ಬದಲು ಎಲೆಕ್ಟ್ರಿಷಿಯನ್ ಕರೆಸಿ 16 ಆಂಪಿಯರ್‌ನ ಟೈಮರ್ ಹಾಕಿಸಿಬಿಡಿ. ಟಿವಿಯ ಸೆಟ್‌ಟಾಪ್ ಬಾಕ್ಸಿನ ಮೇಲೆ ರಾತ್ರಿ ಕೈಯಿಟ್ಟು ನೋಡಿ, ಬೆಚ್ಚಗಿರುತ್ತದೆ. 10 ವ್ಯಾಟ್ ಎಳೆದರೂ ತಿಂಗಳಿಗೆ 7 ಯೂನಿಟ್. ಅದರ ಸ್ವಿಚ್ಚು ಶೋಕೇಸಿನ ಹಿಂದಿದ್ದರೆ ಬಗ್ಗಿ ಯಾರು ಆರಿಸುತ್ತಾರೆ? ಕೈಗೆಟುಕುವ ಕಡೆ ತರಬೇಕು.

ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕಾಚಾರ ವಿಚಿತ್ರವಾಗಿ ಬದಲಾಯಿತು. ರಾಜಕೀಯ ಬದಿಗಿಡೋಣ, ಮನುಷ್ಯರ ಮನಸ್ಸನ್ನು ನೋಡೋಣ. ಯೋಜನೆ 2023ರಲ್ಲಿ ಜಾರಿಯಾದಾಗಿನ ಸೂತ್ರ ಹೀಗಿತ್ತು: 2022-23ರ ನಿಮ್ಮ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದರೆ ಅದು ನಿಮ್ಮ ಉಚಿತ ಪಾಲು. ಅದನ್ನು ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ಲು ನಿಮ್ಮ ತಲೆಗೆ. ಪಾಲು 180 ಯೂನಿಟ್ ಇರುವ ಮನೆಯನ್ನು ತೆಗೆದುಕೊಳ್ಳಿ. 200 ಉರಿಸಿದರೆ 20 ಯೂನಿಟ್‌ಗೆ ಕಟ್ಟಿದರಾಯಿತು. 201 ಆದರೆ ಅಷ್ಟಕ್ಕೂ ಕಟ್ಟಬೇಕು, ಯೂನಿಟ್‌ಗೆ ಆರು ರೂಪಾಯಿಯಂತೆ ಹಿಡಿದರೂ ಸಾವಿರದ ಇನ್ನೂರರ ಮೇಲೆ. ಇಂಥ ಮನೆಗಳಲ್ಲಿ ತಿಂಗಳ ಕೊನೆಯ ವಾರ ಮೀಟರ್ ಬಾಕ್ಸಿಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡುವವರನ್ನು ನಾನು ಕಂಡಿದ್ದೇನೆ. ಅದಕ್ಕೂ ಮೊದಲು ಮೀಟರ್ ಎಲ್ಲಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ! ಪಾಲು 66 ಇದ್ದು 50ರಲ್ಲಿ ಸಂಸಾರ ನಡೆಸುತ್ತಿದ್ದವರದ್ದು ಇದಕ್ಕೆ ತದ್ವಿರುದ್ಧ: ‘ಇನ್ನೂ 16 ನಮ್ಮದೇ ಅಲ್ವಾ ಸರ್?’ ಮಿತಿ ಅಂತ ಹಾಕಿದ ಗೆರೆ ಅವರ ಕಣ್ಣಿಗೆ ಗುರಿಯಾಗಿ ಕಾಣುತ್ತದೆ.

ಹಾಗಾಗಿ ಕಡಿಮೆ ಕರೆಂಟಿನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿ ಎಂಬ ಸಲಹೆಯನ್ನು ನಾನು ಈಗ ಬಿಲ್ಲು ನೋಡದೆ ಕೊಡುವುದಿಲ್ಲ. 75 ವ್ಯಾಟಿನ ಹಳೇ ಫ್ಯಾನಿನ ಜಾಗದಲ್ಲಿ 30 ವ್ಯಾಟಿನದು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಬಿಲ್ಲು ಕಟ್ಟುವವರಿಗೆ ಇದು ನೂರರ ಹತ್ತಿರ. ಸೊನ್ನೆ ಬಿಲ್ಲಿನವರ ಜೇಬಿಗೆ ಒಂದು ಪೈಸೆಯೂ ಇಲ್ಲ. 190, 210ರ ನಡುವೆ ಒದ್ದಾಡುವ ಮನೆಗೆ ಮಾತ್ರ ಅದೇ ಫ್ಯಾನು ಮೊದಲ ತಿಂಗಳೇ ಸಾವಿರ ಉಳಿಸಿಕೊಟ್ಟೀತು.

ಅಕ್ಕಪಕ್ಕದವರ ಕಣ್ಣಿಗೂ ಬೆಲೆಯಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸುಮಾರು 290 ಮನೆಗಳ ಬಾಗಿಲಿಗೆ ‘ನಿಮ್ಮ ಬಳಕೆ ಇಷ್ಟು, ನೆರೆಹೊರೆಯ ಸರಾಸರಿ ಇಷ್ಟು’ ಎಂಬ ಚೀಟಿ ತೂಗುಹಾಕಿದ್ದರು. ಹೆಚ್ಚು ಬಳಸುತ್ತಿದ್ದವರು ಇಳಿಸಿದರು. ಕಡಿಮೆ ಬಳಸುತ್ತಿದ್ದವರು, ಇಷ್ಟು ದಿನ ನಾವೇ ಬಿಗಿ ಹಿಡಿದೆವಲ್ಲ ಎಂಬಂತೆ, ಏರಿಸಿಬಿಟ್ಟರು! ಅವರ ಚೀಟಿಯ ಮೇಲೆ ಒಂದು ನಗುಮುಖ ಬರೆದಾಗ ಆ ಏರಿಕೆ ಹೆಚ್ಚುಕಡಿಮೆ ನಿಂತಿತು. ನಮ್ಮ ಸೊಸೈಟಿಗಳಲ್ಲಿ ಲಿಫ್ಟ್ ಪಕ್ಕ ಬ್ಲಾಕ್‌ವಾರು ನೀರಿನ ಲೆಕ್ಕ ಅಂಟಿಸುವವರು ಈ ನಗುಮುಖವನ್ನು ಬಿಡಬಾರದು. ಯಾರದೇ ಫ್ಲಾಟ್ ನಂಬರ್ ಹಾಕಿ ಮಾನ ಕಳೆಯುವುದು ಬೇಡ. ಜಗಳ ಬರುತ್ತದೆ, ನೀರು ಉಳಿಯುವುದಿಲ್ಲ.

ನೀರಿನದ್ದು ನಿಜಕ್ಕೂ ಬೇರೆ ತೊಡಕು. 2024ರ ಮಾರ್ಚ್‌ನ ಬರದಲ್ಲಿ ಬೆಂಗಳೂರು ಜಲಮಂಡಳಿ ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಪುಟ್ಟ ಜಾಲರಿ ಮೂತಿ) ಹಾಕಿಸುವಂತೆ ಆದೇಶಿಸಿದ್ದು ಒಳ್ಳೆಯ ಹೆಜ್ಜೆ: ಒಮ್ಮೆ ತಿರುಗಿಸಿ ಕೂರಿಸಿದರೆ ಕೈ ತೊಳೆಯುವವರು ಏನೂ ನೆನಪಿಟ್ಟುಕೊಳ್ಳಬೇಕಿಲ್ಲ. ಆದರೆ ಟ್ಯಾಂಕರ್ ಖರ್ಚನ್ನು ಮೇಂಟೆನೆನ್ಸ್‌ಗೆ ಸೇರಿಸಿ ನೂರು ಫ್ಲಾಟಿಗೂ ಸಮನಾಗಿ ಹಂಚುವ ಕಡೆ, ನೀವು ಉಳಿಸಿದ ನೂರು ರೂಪಾಯಿಯಲ್ಲಿ ನಿಮಗೆ ದಕ್ಕುವುದು ಒಂದೇ ರೂಪಾಯಿ. ಅಲ್ಲಿ ಎಷ್ಟು ಬೋಧಿಸಿದರೂ ಅಷ್ಟೆ. ಫ್ಲಾಟಿಗೊಂದು ಮೀಟರ್ ಬೇಕು. ಹಳೇ ಕಟ್ಟಡಗಳಲ್ಲಿ ಅಡುಗೆಮನೆಗೊಂದು, ಬಾತ್‌ರೂಮಿಗೊಂದು ಪೈಪ್ ಇಳಿದಿರುವುದರಿಂದ ಎರಡು ಮೂರು ಮೀಟರ್ ಬೇಕಾಗಬಹುದು, ಖರ್ಚೂ ಬರುತ್ತದೆ. ಅಸೋಸಿಯೇಷನ್ ಸಭೆಯಲ್ಲಿ ಈ ಪ್ರಸ್ತಾಪ ಬಿದ್ದುಹೋಗುವುದೂ ಅದಕ್ಕೇ. ಸಭೆಯನ್ನು ಮಳೆಗಾಲದಲ್ಲಿ ಕರೆಯಬೇಡಿ. ಏಪ್ರಿಲ್‌ನಲ್ಲಿ, ಟ್ಯಾಂಕರ್ ಬಿಲ್ಲು ಸೇರಿದ ಮೇಂಟೆನೆನ್ಸ್ ಎಲ್ಲರ ಕೈಗೆ ಬಂದ ವಾರವೇ ಕರೆಯಿರಿ.