ಇಪ್ಪತ್ನಾಲ್ಕಕ್ಕೇ ವಯಸ್ಸಾಯ್ತಾ ಫ್ಲ್ಯಾಶ್‌ಗೆ?

2008ರ ಮಾರ್ಚಲ್ಲಿ ಕೊರಿಯಾದ ಗೇಮ್ ಟಿವಿ ಚಾನೆಲ್ ಆನ್‌ಗೇಮ್‌ನೆಟ್ ನಡೆಸೋ ಕಂಪ್ಯೂಟರ್ ಗೇಮ್ ಟೂರ್ನಿ ಸ್ಟಾರ್‌ಲೀಗ್‌ನ ಫೈನಲ್, ಲೀ ಯಂಗ್ ಹೋ ಅನ್ನೋ ಹುಡುಗ ಸಾಂಗ್ ಬ್ಯುಂಗ್ ಗೂನ 3-0 ಹೊಡೆದು ಕಪ್ ಎತ್ತಿದ. ಹುಟ್ಟಿದ್ದು 1992ರ ಜುಲೈ, ಅಂದ್ರೆ 16 ಕೂಡ ತುಂಬಿರ್ಲಿಲ್ಲ, ಮೀಸೆ ಸರಿಯಾಗಿ ಬರೋಕ್ಕಿಂತ ಮುಂಚೆ ಚಾಂಪಿಯನ್. ಗೇಮಲ್ಲಿ ಅವನ ಹೆಸರು ಫ್ಲ್ಯಾಶ್. ಫ್ಯಾನ್ಸ್ ಆಮೇಲಾಮೇಲೆ ಸುಮ್ನೆ ದೇವ್ರು ಅಂತಾನೇ ಕರೆಯೋಕೆ ಶುರು ಮಾಡಿದ್ರು, ಯಾಕಂದ್ರೆ 2011ರ ಒಳಗೆ ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲೂ ಮೂರು ಮೂರು ಸಲ ಗೆದ್ದುಬಿಟ್ಟಿದ್ದ.

ಗೇಮ್ ಯಾವ್ದು ಅಂದ್ರೆ ಸ್ಟಾರ್‌ಕ್ರಾಫ್ಟ್ ಬ್ರೂಡ್ ವಾರ್, 1998ರದ್ದು. ಕೆಲಸಗಾರರನ್ನ ಬಿಟ್ಟು ಅದಿರು ಅಗೆಸ್ಬೇಕು, ಆ ದುಡ್ಡಲ್ಲಿ ಫ್ಯಾಕ್ಟರಿ ಕಟ್ಬೇಕು, ಸೈನ್ಯ ಮಾಡ್ಬೇಕು, ಎದುರಿನವನು ಏನ್ ಮಾಡ್ತಿದಾನೆ ಅಂತ ಕದ್ದು ನೋಡ್ಬೇಕು. ಚೆಸ್ ಥರ ನಿನ್ನ ಸರದಿ ನನ್ನ ಸರದಿ ಅಂತೇನಿಲ್ಲ, ಇಬ್ರೂ ಒಟ್ಟಿಗೆ ಆಡ್ತಾನೇ ಇರ್ತಾರೆ. ಸಾಲದ್ದಕ್ಕೆ ಹಳೇ ಗೇಮು, ಸಹಾಯ ಅಂತ ಏನೂ ಮಾಡಲ್ಲ: ಒಂದ್ಸಲಕ್ಕೆ 12 ಸೈನಿಕರಿಗಿಂತ ಜಾಸ್ತಿ ಸೆಲೆಕ್ಟ್ ಮಾಡೋಕಾಗಲ್ಲ, ಫ್ಯಾಕ್ಟರಿಗಳನ್ನ ಒಂದೊಂದಾಗೇ ಕ್ಲಿಕ್ ಮಾಡ್ಬೇಕು, ಹೊಸದಾಗಿ ಹುಟ್ಟಿದ ಕೆಲಸಗಾರನಿಗೂ ಹೋಗಪ್ಪಾ ಅಗಿ ಅಂತ ಕೈ ಹಿಡಿದು ಹೇಳ್ಬೇಕು. ಅದಕ್ಕೇ ಪ್ರೊ ಆಟಗಾರರು ನಿಮಿಷಕ್ಕೆ 300 ದಾಟಿ ಕ್ಲಿಕ್ಕು, ಕೀಗಳನ್ನ ಒತ್ತೋದು. ಸೆಕೆಂಡಿಗೆ ಐದು ಆಯ್ತಲ್ಲ, ಟಿವಿಯಲ್ಲಿ ಕೈ ತೋರಿಸಿದ್ರೆ ಪಿಯಾನೋ ನುಡಿಸ್ತಿದಾನೇನೋ ಅನ್ಸುತ್ತೆ.

ಆದ್ರೆ ನಂಗೆ ಆಶ್ಚರ್ಯ ಆಗೋದು ಬೆರಳಲ್ಲ, ಗಮನ. ನಮ್ಮ ಅಷ್ಟಾವಧಾನ ನೋಡಿದೀರಾ? ಒಬ್ರು ಸಮಸ್ಯೆ ಕೊಡ್ತಾರೆ, ಇನ್ನೊಬ್ರು ಅಕ್ಷರ ನಿಷೇಧ ಮಾಡ್ತಾರೆ, ಮಧ್ಯೆ ಯಾರೋ ಟಣ್ ಅಂತ ಗಂಟೆ ಹೊಡೀತಾರೆ, ಮತ್ತೊಬ್ರು ಸುಮ್‌ಸುಮ್ನೆ ತಲೆಹರಟೆ ಪ್ರಶ್ನೆ ಕೇಳ್ತಾರೆ. ಅವಧಾನಿಗಳು ಎಂಟನ್ನೂ ಒಂದೇ ಕ್ಷಣಕ್ಕೆ ಯೋಚಿಸ್ತಿರಲ್ಲ, ಒಂದನ್ನ ಬಿಟ್ಟು ಇನ್ನೊಂದಕ್ಕೆ ಹೋಗಿ ವಾಪಸ್ ಬಂದಾಗ ಎಳೆ ತಪ್ಪಿರಬಾರ್ದು, ಅಷ್ಟೇ. ಸ್ಟಾರ್‌ಕ್ರಾಫ್ಟೂ ಅದೇ ಜಾತಿ.

ಕೆನಡಾದ ಸೈಮನ್ ಫ್ರೇಸರ್ ಯೂನಿವರ್ಸಿಟಿಯವ್ರು ಇದನ್ನೇ ಅಳೆದ್ರು. ಆಟ ಮಾತ್ರ ಸ್ಟಾರ್‌ಕ್ರಾಫ್ಟ್ 2, ಅದು ಹೊಸದು. ಆಟದ ರೆಕಾರ್ಡಿಂಗ್ ಫೈಲಲ್ಲಿ ಪ್ರತಿ ಕ್ಲಿಕ್ಕೂ ಇರುತ್ತೆ, ಸ್ಕ್ರೀನನ್ನ ಯಾವಾಗ ಯಾವ ಜಾಗಕ್ಕೆ ತಿರುಗಿಸಿದ್ರು ಅನ್ನೋದೂ ಇರುತ್ತೆ. ಹಾಗಾಗಿ ಹೊಸ ಜಾಗ ಕಂಡ ಮೇಲೆ ಮೊದಲ ಕೆಲಸ ಮಾಡೋಕೆ ಎಷ್ಟು ಹೊತ್ತಾಯ್ತು ಅಂತ ಲೆಕ್ಕ ಸಿಕ್ತು, ಅಂದ್ರೆ ನೋಡೋದಕ್ಕೂ ಮಾಡೋದಕ್ಕೂ ನಡುವಿನ ಗ್ಯಾಪ್. 16ರಿಂದ 44 ವಯಸ್ಸಿನ 3,305 ಜನರ ಡೇಟಾ, 2014ರಲ್ಲಿ ಪೇಪರ್ ಬಂತು. ಈ ಗ್ಯಾಪು 24ರ ಆಸುಪಾಸಿಂದಾನೇ ನಿಧಾನವಾಗಿ ಜಾಸ್ತಿ ಆಗ್ತಾ ಹೋಗುತ್ತಂತೆ, ಒಳ್ಳೇ ಆಟಗಾರ್ರಿಗೂ ತಪ್ಪಿದ್ದಲ್ಲ. ನ್ಯೂಸ್‌ನವ್ರೆಲ್ಲ 24ಕ್ಕೇ ಮೆದುಳಿಗೆ ಮುಪ್ಪು ಅಂತ ಹೆಡ್‌ಲೈನ್ ಹಾಕಿ ಕೈತೊಳ್ಕೊಂಡ್ರು.

ಈಗ ಫ್ಲ್ಯಾಶ್ ಕಡೆ ಬನ್ನಿ. 2012ರಲ್ಲಿ ಕೊರಿಯಾದ ದೊಡ್ಡ ಲೀಗ್‌ಗಳೆಲ್ಲ ಹಳೇ ಗೇಮ್ ಬಿಟ್ಟು ಸ್ಟಾರ್‌ಕ್ರಾಫ್ಟ್ 2ಕ್ಕೆ ಹೋದ್ವು, ಅವನೂ ಹೋದ. ಆಗ ಅವನಿಗೆ 20, ಮೆದುಳಿನ ಲೆಕ್ಕದಲ್ಲಿ ಸುವರ್ಣಕಾಲ. ಆದ್ರೆ ದೇವ್ರು ಅಲ್ಲಿ ಬರೀ ಒಳ್ಳೇ ಆಟಗಾರ ಆಗಿಬಿಟ್ಟ, 2014ರಲ್ಲಿ ಟೊರೊಂಟೊದಲ್ಲಿ ಒಂದು ಕಪ್ ಗೆದ್ದಿದ್ದೇ ದೊಡ್ಡ ಸುದ್ದಿ. 2015ರ ಕೊನೆಗೆ ನಿವೃತ್ತಿ. ಆಮೇಲೆ ಮತ್ತೆ ಹಳೇ ಬ್ರೂಡ್ ವಾರ್‌ಗೆ ಬಂದು, ಅಫ್ರೀಕಾಟಿವಿ ಅನ್ನೋ ಕೊರಿಯಾದ ಲೈವ್ ಸ್ಟ್ರೀಮಿಂಗ್ ಸೈಟ್ ನಡೆಸಿದ ಸ್ಟಾರ್‌ಲೀಗ್‌ನ ಸೀಸನ್ 2, 3, 4 ಮೂರನ್ನೂ ಸಾಲಾಗಿ ಗೆದ್ದ. 2017ರ ಕೊನೆ ಹೊತ್ತಿಗೆ ವಯಸ್ಸು 25!

ಹಾಗಾದ್ರೆ ಸ್ಟಡಿ ಸುಳ್ಳಾ? ಸುಳ್ಳಲ್ಲ, ಆದ್ರೆ ಅದು ಬೇರೆ ಬೇರೆ ವಯಸ್ಸಿನ ಬೇರೆ ಬೇರೆ ಜನರನ್ನ ಹೋಲಿಸಿದ್ದು, ಒಬ್ಬನನ್ನೇ ವರ್ಷಗಟ್ಲೆ ಹಿಂಬಾಲಿಸಿದ್ದಲ್ಲ. ಜೊತೆಗೆ ವಯಸ್ಸಾದವ್ರು ಸರಳ ತಂತ್ರ, ಶಾರ್ಟ್‌ಕಟ್ ಎಲ್ಲ ಹಿಡಿದು ನಷ್ಟ ತುಂಬಿಸ್ಕೋತಾರೆ ಅಂತ ಅದೇ ಪೇಪರಲ್ಲಿದೆ, ಹೆಡ್‌ಲೈನಲ್ಲಿ ಜಾಗ ಸಿಗ್ಲಿಲ್ಲ ಅಷ್ಟೇ. 1973ರಲ್ಲಿ ಚೇಸ್ ಮತ್ತು ಸೈಮನ್ ಅನ್ನೋ ಮನಶ್ಶಾಸ್ತ್ರಜ್ಞರು ಒಬ್ಬ ಚೆಸ್ ಮಾಸ್ಟರ್‌ಗೆ ಬೋರ್ಡನ್ನ ಕೆಲವೇ ಸೆಕೆಂಡ್ ತೋರ್ಸಿ ಮುಚ್ಚಿಟ್ರು. ನಿಜವಾದ ಆಟದ ಮಧ್ಯದ ಬೋರ್ಡ್ ಆದ್ರೆ ಮಾಸ್ಟರ್ ನೆನಪಿಂದ ಕಾಯಿಗಳನ್ನ ಚೆನ್ನಾಗಿ ಜೋಡಿಸಿದ, ಮನಸ್ಸಿಗೆ ಬಂದಂಗೆ ಚೆಲ್ಲಿದ್ರೆ ಅವನೂ ನಮ್ಮಂಗೇ. ಒಂದೊಂದು ಕಾಯಿ ಅಲ್ಲ, ಗೊತ್ತಿರೋ ಗುಂಪುಗಳನ್ನ ನೋಡ್ತಾರೆ ಮಾಸ್ಟರ್‌ಗಳು.

ಬ್ರೂಡ್ ವಾರ್‌ದು ಇನ್ನೊಂದು ವಿಚಿತ್ರ, ಯಾವ ಸೈನಿಕನ ಬಲ ಎಷ್ಟು, ಬೆಲೆ ಎಷ್ಟು ಅನ್ನೋದು 2001ರ ಪ್ಯಾಚ್, ಅಂದ್ರೆ ಕಂಪನಿಯವ್ರು ಮಾಡಿದ ತಿದ್ದುಪಡಿ, ಆದ್ಮೇಲೆ ಬದಲಾಗೇ ಇಲ್ಲ. ಅಂದ್ರೆ ಹುಡುಗ 15ರಲ್ಲಿ ಕಲ್ತ ಗುಂಪುಗಳು 25ರಲ್ಲೂ ಚಲಾವಣೆ ನಾಣ್ಯ, ಬಡ್ಡಿ ಸಮೇತ. ಸ್ಟಾರ್‌ಕ್ರಾಫ್ಟ್ 2ಕ್ಕೆ ಹೋದಾಗ ಆ ಖಜಾನೆಯಲ್ಲಿ ಅರ್ಧ ಸವೆದ ಕಾಸಾಯ್ತು. ಕೆಲವು ಮಿಲಿಸೆಕೆಂಡು ನಿಧಾನ ಆದ್ರೇನಂತೆ, ಎದುರಿನವನ ದಾಳಿ ಎಲ್ಲಿಂದ ಬರುತ್ತೆ ಅಂತ ಮೊದ್ಲೇ ಗೊತ್ತಿರೋನು ನೋಡಿ ಆಮೇಲೆ ಓಡ್ಬೇಕಾಗಿಲ್ಲ. ಇದು ನನ್ನ ಊಹೆ, ಯಾರೂ ಅವನ ಮೆದುಳು ಸ್ಕ್ಯಾನ್ ಮಾಡಿ ಹೇಳಿದ್ದಲ್ಲ.

ಕೆರಿಯರ್ ಮುಗಿಸೋದು ಮೆದುಳಿಗಿಂತ ಮುಂಚೆ ಬೇರೆ ಸಂಗತಿಗಳು. ಫ್ಲ್ಯಾಶ್ 2011ರಲ್ಲೇ, 19ಕ್ಕೇ, ಕೈ ಆಪರೇಷನ್ ಮಾಡಿಸ್ಕೊಂಡಿದ್ದ, ದಿನಾ ಹತ್ತು ಗಂಟೆ ಅದೇ ಚಲನೆ ಮಾಡಿದ್ರೆ ಸ್ನಾಯು, ನರ ಸುಮ್ನಿರ್ತಾವಾ. ಆಮೇಲೆ ಮಿಲಿಟರಿ, ಕೊರಿಯಾದ ಗಂಡಸರಿಗೆ ಕಡ್ಡಾಯ. ಮೊದಲ ಸೂಪರ್‌ಸ್ಟಾರ್ ಲಿಮ್ ಯೋ ಹ್ವಾನ್ 2006ರಲ್ಲಿ ಏರ್‌ಫೋರ್ಸ್ ಸೇರಿದಾಗ 26, ಅಲ್ಲಿ ಗೇಮರ್‌ಗಳದ್ದೇ ಒಂದು ಟೀಮ್ ಕಟ್ಟಿದ್ರು, ಯೂನಿಫಾರ್ಮ್ ಹಾಕ್ಕೊಂಡೇ ಲೀಗ್ ಆಡೋದು. ಮೂವತ್ತು ದಾಟಿದ್ಮೇಲೂ ಪ್ರೊ ಗೇಮರ್ ಆಗಿರ್ಬೇಕು ಅನ್ನೋದು ಅವನ ಹಠ, 2010ರಲ್ಲಿ 30ಕ್ಕೆ ಕಾಲಿಟ್ಟು ಸ್ಟಾರ್‌ಕ್ರಾಫ್ಟ್ 2 ಶುರು ಮಾಡಿದ, ಆಮೇಲೆ ಪೋಕರ್ ಟೇಬಲ್‌ಗೆ ಹೋದ.

ಫ್ಲ್ಯಾಶ್ ಮಾತ್ರ ಆ ಮೂರು ಕಪ್ ಆದ್ಮೇಲೆ, ಇನ್ನೊಂದು ಸೀಸನ್‌ನಲ್ಲಿ ರ್ಯಾಂಡಮ್ ಆಗಿ ಆಡೋಕೆ ಬಂದ. ಗೇಮಲ್ಲಿ ಮೂರು ಜನಾಂಗ ಇದಾವೆ, ಜೀವನ ಪೂರ್ತಿ ಅದರಲ್ಲಿ ಟೆರನ್ ಅನ್ನೋ ಒಂದನ್ನೇ ಆಡಿದೋನು, ಈಗ ಯಾವುದು ಸಿಗುತ್ತೋ ಕಂಪ್ಯೂಟರ್ರೇ ಹೇಳ್ಲಿ ಅಂತ ಕೂತ.