ಎರಡೂ ಕೆಂಪು ತಂತಿ

ಶಿರಸಿಯಲ್ಲಿ ಅಕ್ಕನ ಮನೆಯ ಜಗಲಿಗೆ ಹಿತ್ತಾಳೆಯ ತೂಗುದೀಪ ಹಾಕಬೇಕಿತ್ತು. ದೀಪದಿಂದ ಹೊರಬಿದ್ದ ತಂತಿ ಮೂರು: ಕಂದು, ನೀಲಿ, ಹಸಿರು-ಹಳದಿ ಪಟ್ಟೆಯದು. ಮರದ ಮಾಳಿಗೆಯಿಂದ ಇಳಿದಿದ್ದವು ಎರಡೇ. ಎರಡೂ ಕೆಂಪು.

ನಮ್ಮ ಹಳೆಯ ಮನೆಗಳಲ್ಲಿ ವಿದ್ಯುತ್ ತರುವ ಫೇಸ್‌ಗೆ ಕೆಂಪು, ಅದು ಮರಳುವ ನ್ಯೂಟ್ರಲ್‌ಗೆ ಕಪ್ಪು, ನೆಲಕ್ಕೆ ಸೇರುವ ಅರ್ತ್‌ಗೆ ಹಸಿರು. ಈಗ ಬರುವ ದೀಪಗಳಲ್ಲಿ ಫೇಸ್ ಕಂದು, ನ್ಯೂಟ್ರಲ್ ನೀಲಿ. ಹಳೆಯ ಮೂರು ಫೇಸಿನ ವೈರಿಂಗ್‌ನಲ್ಲಾದರೆ ಅದೇ ನೀಲಿ ಒಂದು ಫೇಸ್! ಕಪ್ಪು ಸುರುಳಿ ಮುಗಿದ ದಿನ ಕೆಂಪನ್ನೇ ಎಳೆದು ಕೆಲಸ ಮುಗಿಸಿದ್ದೂ ಉಂಟು. ಬಣ್ಣವಿರುವುದು ಮೇಲಿನ ಹೊದಿಕೆಗೆ, ಒಳಗಿನ ತಾಮ್ರಕ್ಕಲ್ಲ.

ಬಂದ ಎಲೆಕ್ಟ್ರಿಷಿಯನ್ ಹಳೆಯ ಬಲ್ಬನ್ನು ಬಿಚ್ಚಲಿಲ್ಲ. ಮೊದಲು ಸ್ವಿಚ್ ಆರಿಸಿದರು. ಬಲ್ಬ್ ಆರಿತು. ಟೆಸ್ಟರ್ ಹಚ್ಚಿ ನೋಡಿದರೆ ಎರಡೂ ತಂತಿಗಳಲ್ಲಿ ಕಿತ್ತಳೆ ಬೆಳಕು!

ಸ್ವಿಚ್ ಇದ್ದದ್ದು ನ್ಯೂಟ್ರಲ್ ತಂತಿಯಲ್ಲಿ. ತೋಟದಾಚೆಯ ಟ್ರಾನ್ಸ್‌ಫಾರ್ಮರ್‌ನಲ್ಲಿ ನ್ಯೂಟ್ರಲನ್ನು ನೆಲಕ್ಕೆ ಜೋಡಿಸಿರುತ್ತಾರೆ, ಹಾಗಾಗಿ ಅದರ ವೋಲ್ಟೇಜ್ ಸೊನ್ನೆಗೆ ಹತ್ತಿರ. ಅದನ್ನೇ ತುಂಡರಿಸಿದರೆ ವಿದ್ಯುತ್ ಮರಳುವ ದಾರಿ ಮುಚ್ಚುತ್ತದೆ, ಬಲ್ಬ್ ಆರುತ್ತದೆ. ಆದರೆ ಫೇಸಿನ 230 ವೋಲ್ಟ್ ಬಲ್ಬಿನ ತಂತು ಹಾದು ಆಚೆಯ ತಂತಿಯವರೆಗೂ ಬಂದು ಕಾದಿರುತ್ತದೆ. ದೀಪ ಆರಿದೆಯೆಂದು ಹೋಲ್ಡರ್ ಮುಟ್ಟಿದವರ ಮೈಯೇ ಅದಕ್ಕೆ ನೆಲದ ದಾರಿ. ಸ್ವಿಚ್ ಯಾವತ್ತೂ ಫೇಸಿನಲ್ಲೇ ಇರಬೇಕು ಎನ್ನುವುದು ಇದಕ್ಕೇ. ಬಲ್ಬನ್ನು ತಿರುಗಿಸಿ ಹಾಕುವ ತಿರುಪಿನ ಹೋಲ್ಡರ್‌ನಲ್ಲಿ ಫೇಸ್ ನಡುವಿನ ಬಿಂದುವಿಗೆ, ನ್ಯೂಟ್ರಲ್ ಹೊರಗಿನ ತಿರುಪಿಗೆ ಸೇರಬೇಕಾದದ್ದೂ ಅದೇ ಕಾರಣಕ್ಕೆ.

ಟೆಸ್ಟರ್‌ನ ಹಿಡಿಕೆಯೊಳಗೆ ಪುಟ್ಟ ನಿಯಾನ್ ದೀಪ, ಅದರ ಬೆನ್ನಿಗೆ ಸುಮಾರು ಹತ್ತು ಲಕ್ಷ ಓಮ್‌ಗಳ ರೋಧಕ. ನಮ್ಮ ಬೆರಳಿನ ಮೂಲಕ ನೆಲಕ್ಕಿಳಿಯುವ ವಿದ್ಯುತ್ ಒಂದು ಮಿಲಿ ಆಂಪಿಯರ್‌ನ ಕಾಲು ಪಾಲಿಗಿಂತಲೂ ಕಡಿಮೆ, ಮೈಗೆ ಗೊತ್ತೇ ಆಗದು. ಒಣ ಮರದ ಸ್ಟೂಲಿನ ಮೇಲೆ ನಿಂತರೆ ಬೆಳಕು ಮಂಕಾಗುತ್ತದೆ. ಬಿಸಿಲಿನಲ್ಲಿ ಕಾಣುವುದೂ ಕಷ್ಟ. ಉರಿಯಲಿಲ್ಲವೆಂದು ತಂತಿ ಸತ್ತಿದೆಯೆಂದು ತಿಳಿಯಬಾರದು. ಮೇನ್ ಸ್ವಿಚ್ ಆರಿಸಿದ ಮೇಲೆ ಮಲ್ಟಿಮೀಟರ್‌ನಿಂದಲೂ ಅಳೆಯಬೇಕು, ಆ ಮೀಟರ್ ಸರಿಯಿದೆಯೇ ಎಂದು ಮೊದಲೇ ಬೇರೆ ಸಾಕೆಟ್‌ನಲ್ಲಿ ನೋಡಿರಬೇಕು.

ಎಲೆಕ್ಟ್ರಿಷಿಯನ್ ಸ್ವಿಚ್ ಬೋರ್ಡಿನಲ್ಲಿ ತಂತಿಗಳನ್ನು ಅದಲುಬದಲು ಮಾಡಿದರು. ನ್ಯೂಟ್ರಲ್‌ಗೆ ಎರಡೂ ತುದಿಯಲ್ಲಿ ಕಪ್ಪು ಟೇಪ್ ಸುತ್ತಿದರು, ಮುಂದೆ ಏಣಿ ಹತ್ತುವವರಿಗೆ ತಿಳಿಯಲೆಂದು. ಅಲ್ಲಿಗೇ ದೀಪ ಹಾಕಿಸಿಬಿಡೋಣವೆಂದಳು ಅಕ್ಕ. ಹಿತ್ತಾಳೆಯ ಮೈಗೆ ಅರ್ತ್ ಇಲ್ಲದೆ, ಅದೂ ಗೋಡೆ ಬೆವರುವ ಮಲೆನಾಡಿನ ಮಳೆಗಾಲದಲ್ಲಿ, ನಾನು ಒಪ್ಪಲಿಲ್ಲ. ಬೋರ್ಡಿನಿಂದ ಹಸಿರು ತಂತಿ ಎಳೆಯುವವರೆಗೆ ಎರಡು ದಿನ ದೀಪ ಜಗಲಿಯಲ್ಲಿ ಗೋಣಿಚೀಲದ ಮೇಲೆಯೇ ಇತ್ತು.